ಬಿಡಿ ಸಾಮಾನು

ಹತ್ತೊಂಬತ್ತನೇ ರಸ್ತೆಯ ಕೊನೆಗೆ, ರೈಲು ಹಳಿಯ ಆಚೆ,
ಮುಳ್ಳುತಂತಿಯೊಳಗೆ ನಗರಸಭೆಯ ಕೊಂಡವಾಡ.
ಹಿಂದೆ ಇಲ್ಲಿ ತುಡುಗು ದನ ಕೂಡುತ್ತಿದ್ದರಂತೆ.
ಈಗ ಕಾರುಗಳು. ಮೇವು ಬೇಡ, ನೀರು ಬೇಡ,
ದಿನದ ಬಾಡಿಗೆ ಮಾತ್ರ ತಪ್ಪುವಂತಿಲ್ಲ: ನಲವತ್ತು ಡಾಲರು.

ಗಾಜಿನ ಈಚೆ ನಾನು. ಆಚೆ, ಹನ್ನೊಂದನೇ ದಿನ,
ಒಡೆಸ್ಸಾ ಪ್ರೂಯಿಟ್. ವಯಸ್ಸು ಎಪ್ಪತ್ತೊಂದು. ಉಣ್ಣೆಯ ಟೋಪಿ.
ಎರಡು ಬಸ್ಸು ಬದಲಿಸಿ, ಮಿಷಿಗನ್ ಸರೋವರದ ಗಾಳಿಗೆ ಎದೆಯೊಡ್ಡಿ,
ಉಪ್ಪು ಚೆಲ್ಲಿದ ಹಿಮ ತುಳಿದು ಬಂದವಳು.

ಲೈಸೆನ್ಸು ಅಮಾನತಾಗಿದ್ದದ್ದು ಮೊಮ್ಮಗ ಜರೆಲ್‌ನದು.
ಕೆಂಪು ದೀಪ ಹಾರಿಸಿದ್ದೂ ಅವನೇ.
ಅವನು ಅವತ್ತೇ ಸಂಜೆ ಮನೆ ಸೇರಿದ, ನಡೆದುಕೊಂಡು.
ಒಳಗೆ ಬಿದ್ದದ್ದು ಅವಳ ಹೆಸರಿನ ಬ್ಯೂಯಿಕ್.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ
ಅಂತ ಆಜ್ಞೆಯಲ್ಲಿ ಯಾರೂ ಬರೆದಿಲ್ಲ. ಬರೆದದ್ದು ಹೀಗೆ:
‘ಅಪರಾಧಕ್ಕೆ ಬಳಕೆಯಾದ ವಾಹನ.’
ಬಳಸಿದವರ ಮಾತು ಮುಂದಿನ ಪುಟದಲ್ಲಿದೆ,
ಸಣ್ಣ ಅಕ್ಷರದಲ್ಲಿ.

ಲೆಕ್ಕ ನಾನೇ ಓದಿ ಹೇಳಿದೆ.
ಸಭೆಯ ದಂಡ ಐನೂರು. ಎಳೆತಂದ ಕೂಲಿ ನೂರ ಎಂಬತ್ತೈದು.
ಹನ್ನೊಂದು ನಲವತ್ತಲೆ ನಾನೂರ ನಲವತ್ತು.
ಆ ಕಾರು ಮಾರಿದರೆ ಒಂಬೈನೂರು ಬಂದರೆ ಹೆಚ್ಚು.
ಮೂಗಿಗಿಂತ ಮೂಗುತಿ ಭಾರವಾದದ್ದು ಆರನೇ ದಿನ,
ಭಾನುವಾರ. ಅವತ್ತು ನಮ್ಮ ಕಿಟಕಿ ಮುಚ್ಚಿತ್ತು.
ಬಾಡಿಗೆಗೆ ಭಾನುವಾರವಿಲ್ಲ.
ವಿಚಾರಣೆ ಬೇಕೆಂದರೆ ಮುಂದಿನ ತಿಂಗಳು, ಎರಡನೇ ಗುರುವಾರ.
ಅಲ್ಲಿಯವರೆಗಿನದನ್ನು ಅವಳೇ ಬೆರಳು ಮಡಚಿ ಎಣಿಸಿದಳು,
ಅರ್ಧಕ್ಕೆ ನಿಲ್ಲಿಸಿದಳು.

‘ನನ್ನ ಸಾಮಾನಾದರೂ ಕೊಡಿ.’

ಅದಕ್ಕೊಂದು ನಿಯಮವಿದೆ. ಕಾರಿಗೆ ಅಂಟಿದ್ದು ಕಾರಿನ ಜೊತೆಗೆ,
ಬಿಡಿಯಾಗಿದ್ದು ಮಾಲೀಕರಿಗೆ.
ಹದಿನೈದು ನಿಮಿಷ. ಜೊತೆಯಲ್ಲಿ ಒಬ್ಬ ನೌಕರ.
ಆ ನೌಕರನೂ ನಾನೇ.

ಛತ್ರಿ. ಚರ್ಚಿನ ಹಾಡಿನ ಪುಸ್ತಕ, ರಟ್ಟಿಲ್ಲದ್ದು.
ಸಕ್ಕರೆ ಕಾಯಿಲೆಯ ಗುಳಿಗೆ. ಎಡಗೈಯ ಗವಸು ಒಂದೇ.
ಹಿಂದಿನ ಸೀಟಿನಡಿ, ಹೆಪ್ಪುಗಟ್ಟಿದ ಒಂದು ಕಿತ್ತಳೆ.
ಬೇಕೇ ಎಂದು ಕೇಳಿದೆ. ಬೇಕು ಅಂದಳು. ಬರೆದುಕೊಂಡೆ.

ಆಮೇಲೆ ಚಾಲಕನ ಜಾಗದಲ್ಲಿ ಕೂತಳು.
ಸೀಟು ಜರೆಲ್‌ನ ಉದ್ದ ಕಾಲಿಗೆ ಹಿಂದೆ ಸರಿದಿತ್ತು,
ಅವಳ ಬೂಟು ಬ್ರೇಕು ಮುಟ್ಟದೆ ಮಗುವಿನ ಕಾಲಿನಂತೆ ತೂಗಿತು.
ಸೀಟಿನಡಿಯ ಸರಳು ಹುಡುಕಿ ಎಳೆದಳು.
ಟಕ್. ಟಕ್. ಇನ್ನೊಂದು ಟಕ್.
ಕನ್ನಡಿಯನ್ನೂ ತನ್ನ ಮುಖಕ್ಕೆ ಬಾಗಿಸಿಕೊಂಡಳು.

ಕೀಲಿ ಆಫೀಸಿನಲ್ಲಿದೆ, ಕಾರು ಹೊರಡುವುದಿಲ್ಲ ಅಂದೆ.
‘ಗೊತ್ತು’ ಅಂದಳು. ‘ಹಾಗಂತ ನನ್ನ ಗಾಡೀಲಿ
ನನ್ನ ಕಾಲು ಎಟುಕದಿದ್ದರೆ ಹೇಗೆ?’

ಹದಿನೈದು ನಿಮಿಷ ಆಗಿತ್ತು. ಇಪ್ಪತ್ತೂ ಆಗಿತ್ತು.
ಪಟ್ಟಿಗೆ ಸಹಿ ಹಾಕಿ, ಕಿತ್ತಳೆಯನ್ನು ಜೇಬಿಗಿಟ್ಟು, ‘ಬಿಡಿ’ ಅಂದಳು,
ಕಾರನ್ನೋ, ಮಾತನ್ನೋ. ನಾನು ಕೇಳಲಿಲ್ಲ.

ನನ್ನ ಕಾರಿನ ಹಿಂದೀಪ ಒಂದು ಸತ್ತು ವಾರವಾಯಿತು.
ಸಂಜೆ ಒಳಗಲ್ಲಿಗಳಲ್ಲೇ ಸುತ್ತಿ ಮನೆಗೆ ಹೋದೆ.