ಏಳು ಮೂಗು

ಜ್ವರ ಬಂದು ಹೋತು, ಹೋಗುವಾಗ ವಾಸನಿ ಒಯ್ತು.
ಮೂರು ವರ್ಷ ಆತು. ಧನಕವಡಿಯ ಕಟ್ಟಿ ಮ್ಯಾಲ ಕುಂತು
ಚಾ ಕುಡಿದ್ರ ಬಿಸಿ ಅಷ್ಟ ತಿಳೀತದ, ಏಲಕ್ಕಿ ತಿಳ್ಯಾಂಗಿಲ್ಲ.
ಮೂಗು ಜಾಗಾದಾಗ ಅದ, ಚಸ್ಮಾ ಹೊತಗೊಂಡು.

ಈಕೋ ಗಾಡಿ, ಹಳದಿ ಪಟ್ಟಿ, ಸಾಳಿಯ ಏಳು ಹುಡುಗೂರು.
ಸೋಮವಾರ ತಳಜಾಯಿ ಇಳುಕಲಿನಾಗ ಮಲ್ಹಾರ ಕೂಗಿದ:
"ಕಾಕಾ, ಜಳ್ಕಾ ವಾಸ!"
ಮೂಗು ಎಳದೆ. ಗಾಳಿ ಬಂತು, ಗಾಳಿ ಹೋತು.

"ಎಂಥಾ ವಾಸನಿ?" ಬಾನೆಟ್ ಎತ್ತಿ ಘುಲೆ ಕೇಳಿದ.
"ಆಯಿಲ್ ಸುಟ್ರ ಒಂದು, ಕ್ಲಚ್ ಸುಟ್ರ ಒಂದು,
ವೈರ್ ಕರಗಿದ್ರ ಮತ್ತೊಂದು,
ಕೂಲಂಟ್ ಸೋರಿದ್ರ ಕಾಕಂಬಿ ಹಂಗ ಸಿಹಿ.
ನೀ ಹೇಳು, ನಾ ಹುಡುಕ್ತೀನಿ."

ನನ್ನ ಹತ್ರ ಹೆಸರು ಅವ. ಅವ್ವ ಕಲಿಸಿದ್ದು:
ಹಾಲು ಹೊತ್ತತದ, ಅನ್ನ ಸೀಯ್ತದ, ಕೂದಲ ಕಮರತದ,
ಅರಿವಿ ಕಮಟ ನಾರತದ, ಒಗ್ಗರಣಿ ಘಾಟ ಏಳತದ.
ಡಬ್ಬಿ ಎಲ್ಲಾ ಸಾಲಾಗಿ ಅವ.
ಮುಚ್ಚಳ ತಗದ್ರ ಒಳಗ ಖಾಲಿ.

ಅದಕ್ಕ ಹುಡುಗೂರನ್ನ ಕೇಳಿದೆ.
ರೇವಾ: ಫೋನ್ ಬಂದಾಗ ಆಜಿ ತವದ ಮ್ಯಾಲ ಪೋಳಿ ಮರತಂಗ.
ಅರ್ಹಾನ್: ದಿವಾಳಿ ಮರುದಿನದ ಗಲ್ಲಿ.
ಮಲ್ಹಾರ: ಪಪ್ಪಾನ ಶರ್ಟಿನ ಮ್ಯಾಲ ಇಸ್ತ್ರಿ, ಆಮ್ಯಾಲ ಮಮ್ಮಿ ಸಿಟ್ಟು.
ಸಣ್ಣ ದುರ್ವಾ: ಡೈನೋಸಾರ್.
ಪೆಟ್ರೋಲ್ ರಶೀದಿ ಹಿಂದ ಬರಕೊಂಡು ಒಯ್ದೆ.
ಘುಲೆ ಓದಿದ, ನಕ್ಕ, ಡೈನೋಸಾರ್ ಮ್ಯಾಲ ಬೆರಳಿಟ್ಟು
"ಆಯಿಲ್" ಅಂದ.

ಗ್ಯಾಸ್ಕೆಟ್ ಬದಲಾತು. ಆರುನೂರಾ ಐವತ್ತು.
ಮಂಗಳವಾರ ಏಳೂ ಮಂದಿ ಮೂಗು ಮುಚ್ಚಿದ್ರು.
ಸೈಲೆನ್ಸರಿಗೆ ಹಾಲಿನ ಪಾಕೀಟು ಅಂಟಿತ್ತು, ಕೆರದು ತಗದ.
ವೈರ್ ಎಲ್ಲಾ ಬಿಚ್ಚಿ ನೋಡಿದ, ಇಲಿ ಕಡದಿರಲಿಲ್ಲ.
ಬುಧವಾರ ಮತ್ತ.
ಮೂಗಿಗಿಂತ ಮೂಗುತಿ ಭಾರ ಆತು.

ಓವಿ ಮಾತಾಡೂದು ಕಮ್ಮಿ. ಹಿಂದಿನ ಸೀಟು, ಎಡಗಡೆ ಕಿಡಕಿ.
ಇಳಿಯುವಾಗ ಕಿವಿ ಹತ್ರ ಬಂದು ಅಂದ್ಲು:
"ಇಳುಕಲ ಆದಮ್ಯಾಲ ಬರ್ತದ. ಗಾಡಿ ನಿಂತ್ರ ಜಾಸ್ತಿ.
ನನ್ನ ಕಾಲ ಕೆಳಗಿಂದ."
ಮೂರು ದಿನ ಯಾಕ ಹೇಳಲಿಲ್ಲವ್ವಾ?
"ಎಂಥಾದ್ದು ಅಂತ ಕೇಳಿದ್ರಿ.
ಎಲ್ಲಿ ಅಂತ ಕೇಳಲಿಲ್ಲ."

ಎಲ್ಲಾರೂ ಇಳಿದ ಮ್ಯಾಲ ರಸ್ತಾದಾಗ ಬಗ್ಗಿ ಕುಂತೆ.
ಕೂಸಿನ ಹಣಿಗೆ ಹಿಡಿಯೂ ಹಂಗ ಕೈಯ ಬೆನ್ನು
ಒಂದೊಂದ ಗಾಲಿಗೆ ಹಿಡದೆ.
ಮೂರು ಸಾದಾ. ಎಡ ಹಿಂದಿನದಕ್ಕ ಜ್ವರ.
ಬಾಟಲಿ ನೀರು ಎರಡು ಹನಿ: ಚೊಂಯ್.
ಇದು ನನಗೂ ತಿಳೀತು. ಕಿವಿ ಇನ್ನೂ ನನ್ನವ ಅವ.

ಘುಲೆ ಡ್ರಮ್ ಬಡದು ಬಡದು ಬಿಚ್ಚಿದ.
ಹ್ಯಾಂಡ್‌ಬ್ರೇಕಿನ ಕೇಬಲ್ ಮಳಿಗಾಲದಾಗ
ಕೊಳವಿಯೊಳಗ ಜಂಗ ಹಿಡಿದು
ಎಳದ್ರ ಬರ್ತದ, ಬಿಟ್ರ ಹೋಗಂಗಿಲ್ಲ.
ಬ್ರೇಕ್ ಶೂ ಡ್ರಮ್ಮಿಗೆ ಆತುಕೊಂಡು, ತಿಕ್ಕಿ ತಿಕ್ಕಿ
ಕನ್ನಡಿ ಹಂಗ ಹೊಳೀತಿತ್ತು.
"ಒಂದು ಕಾಲು ಕಟ್ಟಿ ಓಡಿಸೀದಿ" ಅಂದ.
ಗಾಡಿ ಜಗ್ಗತಿದ್ದದ್ದು ಖರೆ. ವಯಸ್ಸಾತು ಅಂದ್ಕೊಂಡಿದ್ದೆ,
ಗಾಡಿದೋ ನನ್ನದೋ ವಿಚಾರ ಮಾಡಿರಲಿಲ್ಲ.

ಹೊಸ ಕೇಬಲ್, ಹೊಸ ಶೂ, ಬೇಕಾದಲ್ಲಿ ಗ್ರೀಸ್.
ಜಾಕ್ ಮ್ಯಾಲ ಗಾಲಿ ಬೆರಳಿಂದ ತಳ್ಳಿದ,
ತಿರುಗೇ ತಿರುಗಿತು.
ಗ್ಯಾಸ್ಕೆಟ್ ರೊಕ್ಕ ವಾಪಸ್ ಕೊಡಲಿಲ್ಲ. ಚಾ ಕುಡಿಸಿದ.

ಶುಕ್ರವಾರ ಇಳುಕಲ ಮುಗಿಸಿ ಕನ್ನಡಿಯಾಗ ನೋಡಿ ಕೇಳಿದೆ.
ಏಳು ಮೂಗು ಒಮ್ಮೆಲೆ ಮ್ಯಾಲೆದ್ದವು.
ಪ್ಯಾರಲ ಹಣ್ಣು. ಯಾರದೋ ಸಾಕ್ಸ್.
ಅರ್ಹಾನನ ಡಬ್ಬಿಯ ತತ್ತಿ.
ಮಳಿ ಬರೂದದ, ಅಂದ್ಲು ರೇವಾ.
ಬಂತು ಕೂಡ, ಬಿಬ್ವೇವಾಡಿ ಸಿಗ್ನಲ್ಲಿನಾಗ.
ಓವಿ ಇಳಿಯುವಾಗ:
"ಗಾಡ್ಯಾಗ ಇಲ್ಲ ಕಾಕಾ. ನಿಮ್ಮ ಅಂಗ್ಯಾಗ ಅದ."

ಮನಿಗೆ ಬಂದು ಅಂಗಿ ಬಿಚ್ಚಿ
ಮೂಗಿಗೆ ಒತ್ತಿ ಹಿಡದೆ, ಭಾಳ ಹೊತ್ತು.
ಹೆಂಡತಿ ಬಾಗಿಲದಾಗ ನಿಂತು ನೋಡಿದ್ಲು, ಏನೂ ಕೇಳಲಿಲ್ಲ.
ಎರಡು ಸಲ ಒಗದೆ, ಹಸಿ ಅಂಗಿ
ಆಕಿ ಮುಂದ ಹಿಡದೆ:
ಹೋತೇನು, ನೋಡು.