ನಾಲ್ಕೂಕಾಲಿನ ಬಿಸಿಲು

ಅಂಗಡಿಯವನು ಹೇಳಿದ್ದ: ಹೊಳಪಿನ ಪರದೆ ತಗೊಳ್ಳಿ,
ಬಣ್ಣ ಜೀವಂತ ಕಾಣುತ್ತೆ.
ಕಾಣುತ್ತೆ, ಸುಳ್ಳಲ್ಲ.
ಬಣ್ಣದ ಜೊತೆ ನಾನೂ ಕಾಣುತ್ತೇನೆ,
ನನ್ನ ಹಿಂದಿನ ಕಪಾಟು, ಅದರ ಮೇಲಿನ ಚಹಾ ಡಬ್ಬಿ,
ಬಾಗಿಲಿಗೆ ನೇತುಹಾಕಿದ ಕೊಡೆ.

ತ್ಬಿಲಿಸಿಯ ಹಳೇ ಬೀದಿ. ಎದುರು ಮನೆಗೆ ಗಾಜಿನ ಜಗಲಿ,
ಕೆಂಪು, ಹಸಿರು, ನೀಲಿ ಗಾಜು.
ನಾಲ್ಕೂಕಾಲಿಗೆ ಸೂರ್ಯ ಅಲ್ಲಿಗೆ ಬಡಿದು
ನೇರ ನನ್ನ ಮೇಜಿಗೆ ಪುಟಿಯುತ್ತಾನೆ.
ಯಾರದೋ ಅಜ್ಜಿಯ ಕೆನ್ನೆ ತಿದ್ದುತ್ತಿರುತ್ತೇನೆ,
ಆಕೆಗೆ ಹಠಾತ್ತನೆ ಹಸಿರು ಮೀಸೆ.
ನನ್ನ ಹೆಸರು ಮ್ಜೆಕಾಲಾ. ಮ್ಜೆ ಅಂದರೆ ನಮ್ಮಲ್ಲಿ ಸೂರ್ಯ.
ಅಪ್ಪ ಪ್ರೀತಿಯಿಂದಲೇ ಇಟ್ಟದ್ದು;
ಮಗಳು ಹಳೇ ಫೋಟೊಗಳ ಕಲೆ ತೆಗೆದು ಹೊಟ್ಟೆ ಹೊರೆಯುತ್ತಾಳೆ,
ಬಿಸಿಲು ಕಂಡರೆ ಬೈಯುತ್ತಾಳೆ ಎಂದು ಅವನಿಗೇನು ಗೊತ್ತು.

ಏನೇನು ಮಾಡಲಿಲ್ಲ.
ಮೇಜು ತಿರುಗಿಸಿದೆ: ಬೆನ್ನಿಗಿದ್ದ ಬಿಸಿಲು ಕಣ್ಣಿಗೆ ಬಂತು.
ಪರದೆಯನ್ನು ಬೆರಳಷ್ಟು ಬಾಗಿಸಿದೆ:
ಸೂರ್ಯ ಹೋದ, ಚಾವಣಿಯ ಬಲ್ಬು ಬಂತು.
ಮಾಸಲು ಹಾಳೆ ತಂದು ಅಂಟಿಸಿದೆ,
ಒಳಗೆ ಏಳು ಗುಳ್ಳೆ; ಒತ್ತಿದರೆ ಪಕ್ಕಕ್ಕೆ ಸರಿಯುತ್ತವೆ, ಸಾಯುವುದಿಲ್ಲ.
ಸಂಜೆಗೆ ಕಿತ್ತೆಸೆದೆ.
ಬಿಳಿ ಅಂಗಿ ಬಿಟ್ಟು ಕಪ್ಪಂಗಿ ತೊಟ್ಟೆ.
ಕೆಳಮನೆಯ ತಾಲಿಕೊ ಮೆಟ್ಟಿಲಲ್ಲಿ ಕೈಹಿಡಿದು ಕೇಳಿದಳು:
ಯಾರು ಹೋದರು, ಮಗಳೇ?
ಯಾರೂ ಇಲ್ಲ, ಕಂಪ್ಯೂಟರಿಗೋಸ್ಕರ, ಅಂದೆ.
ಆಕೆ ಶಿಲುಬೆ ಗುರುತು ಹಾಕಿಕೊಂಡಳು.

ಎದುರು ಮನೆಯ ವರ್ಲಾಮನಿಗೂ ಹೇಳಿ ನೋಡಿದೆ,
ಒಂದು ತಾಸು ಆ ಹಸಿರು ಕಿಟಕಿ ಮುಚ್ಚಯ್ಯಾ ಅಂತ.
ಅದರ ಕೀಲು ನನ್ನ ಮೊಣಕಾಲಿನ ಹಾಗೆ,
ಬಾಗಿದ್ದು ಬಾಗಿಯೇ ಇರುತ್ತೆ, ಅಂದ.
ಒಂದು ಬಟ್ಟಲು ಪ್ಲಮ್ ಕೊಟ್ಟು ಕಳಿಸಿದ.

ಈ ವಾರ ಬಂದದ್ದು ಒಂದೇ ಫೋಟೊ.
ರುಸ್ತಾವಿಯ ನುಗ್ಜಾರ್ ತಂದದ್ದು: ಅವನ ಮುತ್ತಜ್ಜ, ಕಪ್ಪು ಕೋಟು,
ಪಕ್ಕದಲ್ಲಿ ಆಳೆತ್ತರದ ಕಪ್ಪು ಕಲೆ.
ಶಾಯಿ ಚೆಲ್ಲಿದೆ, ತೆಗೆದುಬಿಡಿ, ಅಜ್ಜ ಒಬ್ಬನೇ ಇರಲಿ.
ಕಪ್ಪಿದ್ದಲ್ಲೇ ಈ ಪರದೆ ಪೂರಾ ಕನ್ನಡಿ.
ಮೂರು ದಿನ ಆ ಕಪ್ಪಲ್ಲಿ ನನ್ನ ಮೂತಿಯನ್ನೇ ನೋಡಿದೆ,
ಕೋಟಿನ ಹೆಗಲ ಮೇಲೆ ಮಸುಕಾಗಿ ನನ್ನ ಕೈ.
ಕನ್ನಡಿಯೊಳಗಿನ ಗಂಟು, ಅದನ್ನೇನು ಬಿಚ್ಚುವುದು ಎಂದು ಸುಮ್ಮನಿದ್ದೆ.

ನಿನ್ನೆ ಬೂಟಿನ ರಟ್ಟಿನ ಡಬ್ಬಿ ಹರಿದು,
ಒಳಗೆ ಕಪ್ಪು ಮಖಮಲ್ಲು ಮೆತ್ತಿ
ಪರದೆಗೆ ಮೂರು ಬದಿಯ ಸೂರು ಕಟ್ಟಿದೆ,
ಕುದುರೆಗೆ ಕಣ್ಪಟ್ಟಿ ಕಟ್ಟಿದ ಹಾಗೆ.
ನಾಲ್ಕೂಕಾಲು ಬಂತು. ಬಂದು ಹೋಯಿತು.
ಕೊಡೆ ಹೋಯಿತು, ಚಹಾ ಡಬ್ಬಿ ಹೋಯಿತು,
ನಾನು ಹೋದೆ.
ಕೈ ಮಾತ್ರ ಹೋಗಲಿಲ್ಲ.

ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೋಡಿದೆ.
ಇದೆ. ಐದು ಬೆರಳು, ಕಿರುಬೆರಳಿಗೆ ಉಂಗುರ.
ಕತ್ತಲನ್ನು ಮೆಟ್ಟಿಲು ಮೆಟ್ಟಿಲಾಗಿ ತಿಳಿ ಮಾಡುತ್ತ ಹೋದೆ:
ಮಣಿಕಟ್ಟು, ತೋಳಿನ ಗುಂಡಿ, ಆಮೇಲೆ ಕುಂಚದ ಗೆರೆಗಳು,
ಮೇಲಿಂದ ಕೆಳಕ್ಕೆ, ಒತ್ತೊತ್ತಾಗಿ,
ಹೆದರಿದ ಕೈ ಎಳೆದಂಥವು.
ಚೆಲ್ಲಿದ ಶಾಯಿಗೆ ಕುಂಚ ಎಲ್ಲಿಂದ ಬರಬೇಕು.

ಯಾರನ್ನೋ ಕರೆದೊಯ್ದ ಮೇಲೆ
ಮನೆಯವರೇ ದೀಪ ಸಣ್ಣದು ಮಾಡಿ ಕೂತು ಬಳಿದಿರಬೇಕು.
ಆ ಕಾಲದಲ್ಲಿ ಅಂಥವರ ಪಕ್ಕ ನಿಂತದ್ದೂ ತಪ್ಪು.
ಹೆಗಲ ಮೇಲಿನ ಬೆರಳಿನ ತನಕ ಬಂದಾಗ
ತೆಳ್ಳಗಾದದ್ದು ಶಾಯಿಯೋ, ಮನಸ್ಸೋ.

ನಾಳೆ ನುಗ್ಜಾರ್ ಬರುತ್ತಾನೆ. ಮುಂಗಡ ಕೊಟ್ಟಿದ್ದಾನೆ.
ಸೂರು ಬಿಚ್ಚಿಟ್ಟು, ನಾಲ್ಕೂಕಾಲಿಗೆ ಬಾ ಎಂದರೆ
ಅವನಿಗೆ ಅವನ ಮುಖ ಕಾಣುತ್ತೆ,
ಚೆನ್ನಾಗಿದೆ ಅನ್ನುತ್ತಾನೆ, ಹಣ ಎಣಿಸಿ ಹೋಗುತ್ತಾನೆ.

ಕತ್ತಲಾದ ಮೇಲೆ ಬಾ ಎಂದು ಫೋನು ಮಾಡಬೇಕು.
ಫೋನು ಮೇಜಿನ ಮೇಲಿದೆ. ಅದಕ್ಕೂ ಹೊಳಪಿನ ಗಾಜು,
ವರ್ಲಾಮನ ಹಸಿರು ಕಿಟಕಿ
ಅದರ ಮೇಲೆ ಬಾಗಿ ಕೂತಿದೆ.