ರಸಮಟ್ಟ

ಆ ಕೋಣೆ ಕಟ್ಟಿದ್ದು ನಾನೇ.
ಚರ್ಚ್ ಸ್ಟ್ರೀಟಿನ ಎರಡನೇ ಮಹಡಿಯಲ್ಲಿ,
ಹದಿನೇಳು ದಿನ, ಮುನೀರನ ಜೊತೆ.
ನಕಾಶೆ ತಂದ ಹುಡುಗಿ ಹೇಳಿದ್ದಳು:
ಆಚಾರ್ರೇ, ಇಲ್ಲಿ ಯಾವುದೂ ನೆಟ್ಟಗಿರಬಾರದು,
ಆದರೆ ನೆಟ್ಟಗಿದ್ದಂತೆ ಕಾಣಬೇಕು.

ಮೂವತ್ತೊಂದು ವರ್ಷ, ರಸಮಟ್ಟದ ಗುಳ್ಳೆ
ನಡುಗೆರೆಗೆ ಬಂದು ನಿಲ್ಲುವ ತನಕ
ಉಸಿರು ಬಿಗಿಹಿಡಿದವನು ನಾನು.
ಕಾಮಾಕ್ಷಿಪಾಳ್ಯದಲ್ಲಿ ಎಷ್ಟು ಬಾಗಿಲು, ಎಷ್ಟು ಅಟ್ಟ,
ಒಂದು ನೂಲು ಸರಿದರೂ ಕಿತ್ತು ಮತ್ತೆ ಹೊಡೆದವನು.
ಅಲ್ಲಿ ಮಾತ್ರ ಗುಳ್ಳೆಯನ್ನು ಬೇಕೆಂದೇ
ತುದಿಗೆ ಓಡಿಸಿ, ಅಲ್ಲೇ ಇರು ಎಂದೆ.
ತಪ್ಪಿಗೂ ಎಷ್ಟೊಂದು ಲೆಕ್ಕ!
ನೆಲ ಎಡಕ್ಕೆ ಇಳಿಯಬೇಕು, ಸೂರು ಎಡಕ್ಕೆ ಏರಬೇಕು,
ಕಿಟಕಿ ಎರಡೂ ಮೊರದ ಆಕಾರ,
ಕಪ್ಪುಬಿಳಿ ಚೌಕಗಳಲ್ಲಿ ಒಂದೂ ಚೌಕವಲ್ಲ.
ಮುನೀರ ನಕ್ಕಿದ್ದ: ಇದೇ ಕೆಲಸ ಯಾರದಾದರೂ ಮನೆಗೆ ಮಾಡಿದ್ದರೆ
ಕೂಲಿ ಹಾಗಿರಲಿ, ಒದೆ ಬೀಳ್ತಿತ್ತು.

ಅವರು ಕೊಟ್ಟ ಎರಡು ಪಾಸು
ಪರ್ಸಿನಲ್ಲಿ ಮಡಿಕೆ ಹರಿಯುವಷ್ಟು ದಿನ ಇದ್ದವು.
ಮೊನ್ನೆ ಭಾನುವಾರ ಪಂಕಜಾಕ್ಷಿ ಹೊರಡಿಸಿದಳು.

ತಿರುಗುವ ಸುರಂಗದಲ್ಲಿ ಸೇತುವೆ ಅಲ್ಲಾಡುವುದಿಲ್ಲ,
ಗೊತ್ತು. ಆದರೂ ಅವಳು ಕಂಬಿ ಹಿಡಿದಳು,
ನಾನು ಅವಳ ಸೆರಗು.
ಗೋಡೆಯ ಮೇಲೆ ಎರಡು ಗೆರೆ: ಯಾವುದು ಉದ್ದ?
ಜೇಬಿನ ಟೇಪು ತೆಗೆದು ಅಳೆದೇಬಿಟ್ಟೆ. ಸಮ.
ಸರ್, ಮುಟ್ಟಬಾರದು, ಎಂದ ಕೆಂಪು ಅಂಗಿಯ ಹುಡುಗ.
ಅದನ್ನ ಮನೇಲಿ ಬಿಟ್ಟು ಬನ್ನಿ ಅಂದಿದ್ದೆ, ಎಂದಳು ಇವಳು.

ಪಂಕಜಾಕ್ಷಿ ನನಗಿಂತ ಆರು ಬೆರಳು ಎತ್ತರ.
ನಾನು ಯಾರಿಗೂ ಹೇಳಿದ್ದಲ್ಲ,
ಹೇಳುವ ಅಗತ್ಯವೂ ಬೀಳಲಿಲ್ಲ, ಬೀದಿಗೆ ಕಣ್ಣಿದೆ.
ಮಾಲೆ ಹಾಕುವಾಗ ಸೋದರಮಾವ
ನನ್ನ ಕಾಲಡಿಗೆ ಇನ್ನೊಂದು ಮಣೆ ಸರಿಸಿದ್ದ.
ಮದುವೆ ಫೋಟೋದಲ್ಲಿ ಅವಳು ಕುರ್ಚಿಯಲ್ಲಿ, ನಾನು ನಿಂತು.
ಅಂದಿನಿಂದ ಚಪ್ಪಟೆ ಚಪ್ಪಲಿ.
ನನ್ನ ಪಕ್ಕ ನಿಂತರೆ ಎಡಮಂಡಿ
ತಾನಾಗೇ ಚೂರು ಮಡಿಯುತ್ತದೆ.

ಸರ್ ಬಲಮೂಲೆಗೆ, ಮೇಡಂ ಎಡಕ್ಕೆ, ಎಂದ ಹುಡುಗ.
ಫೋನಿನ ಒಂಟಿಗಣ್ಣು ತೂತಿನಲ್ಲಿಟ್ಟು ಕ್ಲಿಕ್ಕಿಸಿದ.
ನೋಡಿದರೆ ನಾನು ಬಕಾಸುರ,
ಅವಳು ನನ್ನ ಸೊಂಟದ ಹತ್ತಿರ, ದಸರೆ ಗೊಂಬೆ.
ಇಬ್ಬರೂ ನಕ್ಕೆವು.
ನಾನು ಸ್ವಲ್ಪ ಹೆಚ್ಚು ಹೊತ್ತು.

ಈಗ ಜಾಗ ಬದಲಿಸಿ.
ನಾನು ಮಾಡಿದ ಇಳಿಜಾರನ್ನು ಅವಳು ಹತ್ತಿದಳು,
ಸೆರಗು ಸಿಕ್ಕಿಸಿದಳು, ಮಂಡಿ ನೆಟ್ಟಗೆ ಮಾಡಿದಳು,
ಡಬ್ ಎಂದಿತು ಸೂರಿನ ಪ್ಲೈವುಡ್ಡು.

ಆ ಮೂಲೆಗೆ ನಕಾಶೆಯಲ್ಲಿ ಒಂದು ಅಂಕಿ ಇತ್ತು.
ಕಾಗದದ ಅಂಕಿ ನಂಬದ ಚಾಳಿ ನನ್ನದು.
ನಾನೇ ಹೋಗಿ ನಿಂತಿದ್ದೆ,
ನೆತ್ತಿಯ ಮೇಲೆ ನಾಲ್ಕು ಬೆರಳಿಟ್ಟು
ಇಲ್ಲಿ ಗೆರೆ ಎಳೆಯೋ ಮುನೀರ, ಎಂದಿದ್ದೆ,
ಮನುಷ್ಯ ಅಂದರೆ ಇಷ್ಟೇ ತಾನೆ.

ಎರಡನೇ ಫೋಟೋದಲ್ಲಿ ಅವಳು
ಸೂರು ಹೊತ್ತವಳ ಹಾಗೆ ಕತ್ತು ಬಾಗಿಸಿ ನಗುತ್ತಿದ್ದಾಳೆ.
ದೂರದ ಮೂಲೆಯಲ್ಲಿ ನಾನು, ಬಾಯಿ ತೆರೆದುಕೊಂಡು.
ಹೊರಗೆ ಬಂದು ನೆತ್ತಿ ಸವರಿಕೊಂಡಳು:
ಗಟ್ಟಿಯಾಗೇ ಕಟ್ಟಿದೀರಿ.

ಮೆಟ್ರೊದಲ್ಲಿ ಸೀಟಿರಲಿಲ್ಲ.
ಅವಳು ಮೇಲಿನ ಸರಳು ಹಿಡಿದಳು, ನಾನು ಕಂಬ.
ಕಬ್ಬನ್ ಪಾರ್ಕಿಗೆ ಮುಂಚೆ ರೈಲು ನೆಲದೊಳಗೆ ನುಗ್ಗಿ
ಕಿಟಕಿ ಕನ್ನಡಿಯಾಯಿತು.
ಅದರಲ್ಲಿ ನಾವಿಬ್ಬರು,
ಒಂದೇ ನೆಲ, ಮಟ್ಟಸವಾದ ನೆಲ.
ಒಂದು ಕಣ್ಣು ಮುಚ್ಚಿ ನೋಡಿದೆ, ಆಮೇಲೆ ಇನ್ನೊಂದು.
ಏನೂ ಬದಲಾಗಲಿಲ್ಲ.
ಅವಳ ಎಡಮಂಡಿ ಮಡಿದೇ ಇತ್ತು.

ನೆಟ್ಟಗೆ ನಿಂತ್ಕೊಳ್ಳೇ, ಎಂದೆ.
ಹಳಿಯ ಸದ್ದಿಗೆ ಕೇಳಿಸಲಿಲ್ಲವೇನೋ,
ಏನಂದ್ರಿ, ಎನ್ನುತ್ತ ಅವಳು
ಕಿವಿ ನನ್ನ ಬಾಯಿಯ ಹತ್ತಿರ ತರಲೆಂದು
ಇನ್ನೂ ಕೊಂಚ ಬಾಗಿದಳು.